ಕರೆಂಟ್ ಹಿಂದಿರುಗುವ ದಾರಿ: ರೇಡಿಯೊ ಅಡಚಣೆ ಮತ್ತು ಇಎಂಸಿ ನಿಭಾಯಿಸಲು ಸಮಗ್ರ ಮಾರ್ಗದರ್ಶಿ

ಒಂದು ಮೀಟರ್ ಉದ್ದದ ಕೇಬಲ್ಲಿನಲ್ಲಿ 50 ಮೆಗಾಹರ್ಟ್ಸ್‌ನ ಬರೀ 5 ಮೈಕ್ರೊಆಂಪಿಯರ್ ಕಾಮನ್ ಮೋಡ್ ಕರೆಂಟ್ (ಕೇಬಲ್ಲಿನ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಓಡುವ ಕರೆಂಟ್) ಹರಿದರೆ ಸಾಕು, ಮೂರು ಮೀಟರ್ ದೂರದಲ್ಲಿ ಅದರ ಕ್ಷೇತ್ರಬಲ ಮೀಟರಿಗೆ ಸುಮಾರು 105 ಮೈಕ್ರೊವೋಲ್ಟ್ ಆಗುತ್ತದೆ. ಅಮೆರಿಕದ ಎಫ್‌ಸಿಸಿ (ಸಂವಹನ ನಿಯಂತ್ರಣ ಸಂಸ್ಥೆ) ಮನೆಬಳಕೆಯ ಡಿಜಿಟಲ್ ಸಾಧನಗಳಿಗೆ ಆ ಫ್ರೀಕ್ವೆನ್ಸಿಯಲ್ಲಿ ಇಟ್ಟಿರುವ ಮಿತಿ ಮೀಟರಿಗೆ 100 ಮೈಕ್ರೊವೋಲ್ಟ್. ಬೋರ್ಡಿನೊಳಗೆ ಒಂದು ಆಂಪಿಯರ್ ಓಡಾಡುತ್ತಿದೆ ಎಂದುಕೊಂಡರೆ, ಅದರ ಎರಡು ಲಕ್ಷದಲ್ಲಿ ಒಂದು ಪಾಲು ದಾರಿ ತಪ್ಪಿ ಕೇಬಲ್ಲಿಗೆ ಇಳಿದಾಗಲೇ ಸಾಧನ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ.

ಈ ಲೆಕ್ಕ ತಲೆಯಲ್ಲಿ ಕೂತರೆ ಇಎಂಸಿ, ಅಂದರೆ ವಿದ್ಯುತ್ಕಾಂತೀಯ ಹೊಂದಾಣಿಕೆ, ಯಾಕೆ ಇಷ್ಟು ಸತಾಯಿಸುತ್ತದೆ ಎಂಬುದು ಅರ್ಥವಾಗುತ್ತದೆ. ಇದನ್ನು ಮಾಟಮಂತ್ರದಂತೆ ನೋಡುವವರು ಬಹಳ. ನಿಜದಲ್ಲಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೊರಟ ಕರೆಂಟ್ ತನ್ನ ಮೂಲಕ್ಕೆ ಯಾವ ದಾರಿಯಲ್ಲಿ ಹಿಂದಿರುಗುತ್ತಿದೆ? ಮುಂದೆ ಬರುವ ಹಂತಗಳೆಲ್ಲ ಇದೇ ಪ್ರಶ್ನೆಯನ್ನು ಬೇರೆ ಬೇರೆ ಜಾಗಗಳಲ್ಲಿ ಕೇಳುತ್ತವೆ.

ಇಎಂಸಿಗೆ ಎರಡು ಮುಖ. ನಮ್ಮ ಸಾಧನ ಬೇರೆಯವರ ರೇಡಿಯೊ, ಸಂವಹನ, ಉಪಕರಣಗಳಿಗೆ ತೊಂದರೆ ಕೊಡಬಾರದು, ಇದು ಎಮಿಷನ್. ಹೊರಗಿನ ರೇಡಿಯೊ ಅಲೆ, ಸ್ಥಾಯೀವಿದ್ಯುತ್ತಿನ ಕಿಡಿ, ಪವರ್ ಲೈನಿನ ಏರಿಳಿತಕ್ಕೆ ನಮ್ಮ ಸಾಧನ ಕಂಗೆಡಬಾರದು, ಇದು ಇಮ್ಯೂನಿಟಿ. ಹೊರಗೆ ಹೋಗುವ ದಾರಿಯೇ ಸಾಮಾನ್ಯವಾಗಿ ಒಳಗೆ ಬರುವ ದಾರಿಯೂ ಆಗಿರುವುದರಿಂದ, ಒಂದು ಕಡೆ ಮಾಡಿದ ಒಳ್ಳೆಯ ಕೆಲಸ ಇನ್ನೊಂದು ಕಡೆಯೂ ಫಲ ಕೊಡುತ್ತದೆ.

ಹಂತ 1: ಯಾವ ಮಿತಿಯೊಳಗೆ ಇರಬೇಕು ಎಂಬುದನ್ನು ಮೊದಲೇ ಬರೆದಿಡಿ

ರೇಡಿಯೊ ಪ್ರಸಾರವನ್ನು ಅಡಚಣೆಯಿಂದ ಕಾಪಾಡಲೆಂದು 1934ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಮಿತಿ ಸಿಸ್ಪರ್. ಇವತ್ತಿಗೂ ಬಹುತೇಕ ದೇಶಗಳ ಎಮಿಷನ್ ನಿಯಮಗಳ ಬೇರು ಅಲ್ಲೇ ಇದೆ. ಕಂಪ್ಯೂಟರ್, ಟಿವಿ, ಆಡಿಯೊ ಸಾಧನಗಳಿಗೆ ಸಿಸ್ಪರ್ 32, ಕೈಗಾರಿಕಾ ಮತ್ತು ವೈದ್ಯಕೀಯ ಉಪಕರಣಗಳಿಗೆ ಸಿಸ್ಪರ್ 11, ವಾಹನದೊಳಗಿನ ಘಟಕಗಳಿಗೆ ಸಿಸ್ಪರ್ 25. ಇಮ್ಯೂನಿಟಿಯ ಪರೀಕ್ಷಾ ವಿಧಾನಗಳು ಐಇಸಿ 61000-4 ಸರಣಿಯಲ್ಲಿ ಸಿಗುತ್ತವೆ.

ಪರೀಕ್ಷೆ ಎರಡು ಭಾಗವಾಗಿ ನಡೆಯುತ್ತದೆ. 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಪವರ್ ತಂತಿಯ ಮೂಲಕ ಹೊರಬರುವ ಗದ್ದಲವನ್ನು ಅಳೆಯುತ್ತಾರೆ. 30 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, ಗಾಳಿಯಲ್ಲಿ ಹರಡುವ ಅಲೆಯನ್ನು ಆಂಟೆನಾದಿಂದ ಅಳೆಯುತ್ತಾರೆ. ಸಿಸ್ಪರ್ 32ರ ಬಿ ವರ್ಗದಲ್ಲಿ 10 ಮೀಟರ್ ದೂರದಲ್ಲಿ 30ರಿಂದ 230 ಮೆಗಾಹರ್ಟ್ಸ್‌ಗೆ ಮಿತಿ 30 ಡಿಬಿ (ಡೆಸಿಬೆಲ್) ಮೈಕ್ರೊವೋಲ್ಟ್ ಪ್ರತಿ ಮೀಟರ್, ಅಲ್ಲಿಂದ 1 ಗಿಗಾಹರ್ಟ್ಸ್‌ವರೆಗೆ 37. ಕೈಗಾರಿಕಾ ಪರಿಸರದ ಎ ವರ್ಗಕ್ಕೆ ಇದಕ್ಕಿಂತ 10 ಡಿಬಿ ಸಡಿಲ.

ಅಳತೆಯ ಬ್ಯಾಂಡ್‌ವಿಡ್ತ್ ಕೂಡ ನಿಗದಿಯಾಗಿರುತ್ತದೆ: ತಂತಿಯ ಪರೀಕ್ಷೆಗೆ 9 ಕಿಲೊಹರ್ಟ್ಸ್, 30 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗೆ 120 ಕಿಲೊಹರ್ಟ್ಸ್, ಅದರ ಮೇಲೆ 1 ಮೆಗಾಹರ್ಟ್ಸ್. ನಿಮ್ಮ ಮೇಜಿನ ಮೇಲಿನ ಸ್ಪೆಕ್ಟ್ರಮ್ ಅನಲೈಜರ್ ಬೇರೆ ಬ್ಯಾಂಡ್‌ವಿಡ್ತ್‌ನಲ್ಲಿ ನಿಂತಿದ್ದರೆ ನಿಮ್ಮ ಗ್ರಾಫಿಗೂ ಲ್ಯಾಬಿನ ಗ್ರಾಫಿಗೂ ತಾಳೆಯೇ ಆಗುವುದಿಲ್ಲ.

ಹಂತ 2: ಗದ್ದಲ ಹುಟ್ಟುವ ಜಾಗಗಳ ಪಟ್ಟಿ ಮಾಡಿ

ಬೋರ್ಡಿನ ನಕ್ಷೆ ಮುಂದಿಟ್ಟುಕೊಂಡು ಕ್ಲಾಕ್, ಕ್ರಿಸ್ಟಲ್, ಸ್ವಿಚಿಂಗ್ ರೆಗ್ಯುಲೇಟರ್, ಮೆಮೊರಿ ಬಸ್, ಡಿಸ್ಪ್ಲೇ ಲೈನ್, ಮೋಟರ್ ಡ್ರೈವ್ ಎಲ್ಲವನ್ನೂ ಗುರುತಿಸಿ. ಪ್ರತಿಯೊಂದರ ಎದುರು ಎರಡು ಅಂಕಿ ಬರೆಯಿರಿ: ಅದರ ಮೂಲ ಫ್ರೀಕ್ವೆನ್ಸಿ, ಮತ್ತು ಅದರ ಸಿಗ್ನಲ್ ಮೇಲೇರಲು ಹಿಡಿಯುವ ಸಮಯ.

ಎರಡನೆಯದಕ್ಕೇ ಹೆಚ್ಚು ಬೆಲೆ. ಚೌಕಾಕಾರದ ಸಿಗ್ನಲ್ಲಿನ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಗುಣಕಗಳಲ್ಲಿ ಇರುವ ಅಂಶಗಳು), 1ನ್ನು ಪೈ ಮತ್ತು ಏರಿಕೆಯ ಸಮಯದ ಗುಣಲಬ್ಧದಿಂದ ಭಾಗಿಸಿದರೆ ಬರುವ ಫ್ರೀಕ್ವೆನ್ಸಿಯವರೆಗೆ ನಿಧಾನವಾಗಿ ಇಳಿಯುತ್ತವೆ. ಆಮೇಲೆ ಫ್ರೀಕ್ವೆನ್ಸಿ ಹತ್ತು ಪಟ್ಟಾದಂತೆಲ್ಲ 40 ಡಿಬಿಯಂತೆ ಬೇಗ ಬೀಳುತ್ತವೆ. ಏರಿಕೆಯ ಸಮಯ 1 ನ್ಯಾನೊಸೆಕೆಂಡ್ ಆದರೆ ಆ ತಿರುವು ಸುಮಾರು 318 ಮೆಗಾಹರ್ಟ್ಸ್. 5 ನ್ಯಾನೊಸೆಕೆಂಡ್ ಆದರೆ ಸುಮಾರು 64 ಮೆಗಾಹರ್ಟ್ಸ್. ಕ್ಲಾಕ್ 10 ಮೆಗಾಹರ್ಟ್ಸ್ ಮಾತ್ರ ಅಲ್ಲವೇ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಆ ಕ್ಲಾಕನ್ನು ಹೊರಡಿಸುವ ಚಿಪ್ ಎಷ್ಟು ಚುರುಕು ಎಂಬುದೇ ತೊಂದರೆಯ ಗಾತ್ರವನ್ನು ನಿರ್ಧರಿಸುತ್ತದೆ.

ಆದ್ದರಿಂದ ಅತಿ ಅಗ್ಗದ ಪರಿಹಾರವೂ ಇಲ್ಲೇ ಇದೆ. ಮೈಕ್ರೊಕಂಟ್ರೋಲರಿನ ಪಿನ್‌ಗಳಿಗೆ ಡ್ರೈವ್ ಸ್ಟ್ರೆಂತ್ ಕಡಿಮೆ ಮಾಡುವ ಸೌಲಭ್ಯವಿದ್ದರೆ ಬಳಸಿ. ಕ್ಲಾಕ್ ಹೊರಡುವ ಪಿನ್ನಿನ ಬುಡದಲ್ಲೇ 22ರಿಂದ 47 ಓಮ್‌ನ ಸೀರೀಸ್ ರೆಸಿಸ್ಟರಿಗೆ ಜಾಗ ಬಿಡಿ. ಬೇಡವೆನಿಸಿದರೆ ಆಮೇಲೆ ಸೊನ್ನೆ ಓಮ್ ಹಾಕಿಕೊಳ್ಳಬಹುದು. ಜಾಗವೇ ಇಲ್ಲದಿದ್ದರೆ ಬೋರ್ಡನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ಸ್ಪ್ರೆಡ್ ಸ್ಪೆಕ್ಟ್ರಮ್ ಕ್ಲಾಕ್ (ಫ್ರೀಕ್ವೆನ್ಸಿಯನ್ನು ಸ್ವಲ್ಪ ಅತ್ತಿತ್ತ ತೂಗಾಡಿಸುವ ಕ್ಲಾಕ್) ಕೂಡ ಅಳತೆಯಲ್ಲಿ ಶಿಖರವನ್ನು ತಗ್ಗಿಸುತ್ತದೆ. ಆದರೆ ಅದು ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ, ಹರಡುತ್ತದೆ ಅಷ್ಟೆ. ನಾನು ಅದನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಲು ಹೇಳುತ್ತೇನೆ.

ಹಂತ 3: ಪಿಸಿಬಿಯಲ್ಲಿ ಹಿಂದಿರುಗುವ ದಾರಿಯನ್ನು ಕಡಿಯಬೇಡಿ

ಇಡೀ ವಿಷಯದ ಜೀವಾಳ ಇದು. ಇಲ್ಲಿ ಎಡವಿದರೆ ಮುಂದಿನ ಶೀಲ್ಡು, ಫೆರೈಟು, ಫಿಲ್ಟರು ಎಲ್ಲವೂ ತೇಪೆ ಹಚ್ಚುವ ಕೆಲಸವಾಗುತ್ತದೆ.

ಡಿಸಿಯಲ್ಲಿ ಕರೆಂಟ್ ಅತಿ ಕಡಿಮೆ ರೋಧ ಇರುವ ದಾರಿ ಹಿಡಿಯುತ್ತದೆ, ಗ್ರೌಂಡ್ ಪ್ಲೇನಿನ (ಬೋರ್ಡಿನ ಒಂದು ಪದರದ ತುಂಬ ಹಾಸಿದ ಗ್ರೌಂಡ್ ತಾಮ್ರ) ತುಂಬ ಹರಡಿಕೊಂಡು ಹಿಂದಿರುಗುತ್ತದೆ. ಫ್ರೀಕ್ವೆನ್ಸಿ ಮೆಗಾಹರ್ಟ್ಸ್‌ಗೆ ಏರುವಷ್ಟರಲ್ಲಿ ಲೆಕ್ಕ ಬದಲಾಗಿರುತ್ತದೆ. ಆಗ ಅದು ಹುಡುಕುವುದು ಅತಿ ಕಡಿಮೆ ಇಂಡಕ್ಟನ್ಸ್ ಇರುವ ದಾರಿ. ಅದು ಸಿಗುವುದು ಸಿಗ್ನಲ್ ಟ್ರೇಸಿನ (ಬೋರ್ಡಿನ ಮೇಲಿನ ತಾಮ್ರದ ಗೆರೆ) ನೇರ ಕೆಳಗೆ. ಟ್ರೇಸ್ ಪ್ಲೇನಿನಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಮೂರು ಪಟ್ಟು ಅಗಲವನ್ನು ಎರಡೂ ಬದಿಗೆ ತೆಗೆದುಕೊಂಡರೆ, ಆ ಪಟ್ಟಿಯೊಳಗೆ ಹಿಂದಿರುಗುವ ಕರೆಂಟಿನ ಸುಮಾರು ಶೇಕಡಾ 80 ಇರುತ್ತದೆ. ಪ್ಲೇನ್ 0.2 ಮಿಲಿಮೀಟರ್ ಕೆಳಗಿದ್ದರೆ ಒಟ್ಟು 1.2 ಮಿಲಿಮೀಟರ್ ಅಗಲ. ಎರಡು ಪದರದ ಬೋರ್ಡಿನಲ್ಲಿ ಪ್ಲೇನ್ 1.6 ಮಿಲಿಮೀಟರ್ ಕೆಳಗಿದ್ದರೆ ಅದೇ ಕರೆಂಟ್ ಒಂದು ಸೆಂಟಿಮೀಟರಿನಷ್ಟು ಅಗಲಕ್ಕೆ ಹರಡುತ್ತದೆ, ಪಕ್ಕದ ಸಿಗ್ನಲ್ಲುಗಳ ದಾರಿಯಲ್ಲಿ ಬೆರೆಯುತ್ತದೆ.

ಈಗ ಆ ಪ್ಲೇನಿನಲ್ಲಿ ಒಂದು ಸೀಳು ಇದೆ, ಟ್ರೇಸ್ ಅದರ ಮೇಲೆ ಹಾದುಹೋಗುತ್ತಿದೆ ಎಂದುಕೊಳ್ಳಿ. ಮೇಲಿನ ಕರೆಂಟ್ ದಾಟಿ ಹೋಯಿತು. ಕೆಳಗಿನದು ಸೀಳನ್ನು ಬಳಸಿಕೊಂಡು ಸುತ್ತಿ ಬರಬೇಕು. ಹಾಗೆ ಸುತ್ತಿದ ಜಾಗವೇ ಒಂದು ಲೂಪ್ ಆಂಟೆನಾ. ಲೂಪಿನಿಂದ ಹೊಮ್ಮುವ ಕ್ಷೇತ್ರ ಅದರ ವಿಸ್ತೀರ್ಣಕ್ಕೂ, ಫ್ರೀಕ್ವೆನ್ಸಿಯ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಹೊಮ್ಮುವುದು ನಾಲ್ಕು ಪಟ್ಟು. ಇದಕ್ಕಿಂತ ಕೆಟ್ಟದ್ದೆಂದರೆ ಸೀಳಿನ ಎರಡು ಬದಿಗಳ ನಡುವೆ ಹುಟ್ಟುವ ವೋಲ್ಟೇಜ್. ಒಂದು ಬದಿಗೆ ಒಂದು ಕೇಬಲ್, ಇನ್ನೊಂದು ಬದಿಗೆ ಇನ್ನೊಂದು ಕೇಬಲ್ ಇದ್ದರೆ ಆ ವೋಲ್ಟೇಜ್ ಎರಡು ಕೇಬಲ್ಲುಗಳನ್ನು ಡೈಪೋಲ್ ಆಂಟೆನಾದ ಎರಡು ಕೈಗಳಂತೆ ಓಡಿಸುತ್ತದೆ. ಮೊದಲು ಹೇಳಿದ 5 ಮೈಕ್ರೊಆಂಪಿಯರ್ ಹುಟ್ಟುವ ಪರಿ ಇದು.

ಹಾಗಾಗಿ ಲೇಔಟ್ ಮುಗಿಸುವ ಮುನ್ನ ಇವಿಷ್ಟನ್ನು ನೋಡಿ. ಸಿಗ್ನಲ್ ಪದರದ ಪಕ್ಕದಲ್ಲೇ ಅಖಂಡವಾದ ಗ್ರೌಂಡ್ ಪ್ಲೇನ್ ಇರಲಿ; ನಾಲ್ಕು ಪದರದ ಬೋರ್ಡಿಗೆ ತಗಲುವ ಹೆಚ್ಚುವರಿ ಖರ್ಚು ಆಮೇಲಿನ ಪರದಾಟಕ್ಕಿಂತ ಯಾವತ್ತೂ ಕಡಿಮೆ. ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಎಂದು ಪ್ಲೇನನ್ನು ಕತ್ತರಿಸುವ ಹಳೆಯ ಅಭ್ಯಾಸ ಬಿಡಿ. ಪ್ಲೇನನ್ನು ಒಂದಾಗಿಯೇ ಇಟ್ಟು ಬಿಡಿಭಾಗಗಳನ್ನು ಜಾಗ ನೋಡಿ ಬೇರೆ ಬೇರೆ ಕೂರಿಸಿದರೆ, ಡಿಜಿಟಲ್ ಕರೆಂಟ್ ತಾನಾಗಿಯೇ ತನ್ನ ಟ್ರೇಸಿನ ಕೆಳಗೆ ಉಳಿಯುತ್ತದೆ. ಸಿಗ್ನಲ್ ಒಂದು ಪದರದಿಂದ ಇನ್ನೊಂದಕ್ಕೆ ಇಳಿದು ಬೇರೆ ಪ್ಲೇನನ್ನು ಆಶ್ರಯಿಸುವಲ್ಲಿ ಅದರ ಪಕ್ಕದಲ್ಲೇ ಗ್ರೌಂಡ್ ವಯಾ (ಪದರಗಳನ್ನು ಜೋಡಿಸುವ ಲೋಹ ಲೇಪಿತ ರಂಧ್ರ) ಕೊಡಿ, ಇಲ್ಲದಿದ್ದರೆ ಹಿಂದಿರುಗುವ ಕರೆಂಟಿಗೆ ಇಳಿಯಲು ಮೆಟ್ಟಿಲೇ ಇರುವುದಿಲ್ಲ. ಸಾಲುಸಾಲು ವಯಾಗಳ ಸುತ್ತಲಿನ ತೆರವು ಒಂದಕ್ಕೊಂದು ಕೂಡಿಕೊಂಡು ಪ್ಲೇನಿನಲ್ಲಿ ಉದ್ದದ ಸೀಳಾಗಿದೆಯೇ ಎಂದೂ ಪರೀಕ್ಷಿಸಿ. ನಕ್ಷೆಯಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕ್ಲಾಕ್ ಟ್ರೇಸುಗಳನ್ನು ಬೋರ್ಡಿನ ಅಂಚಿನಿಂದ ಒಳಗೆ ಸರಿಸಿ. ಕನೆಕ್ಟರುಗಳು ಸಾಧ್ಯವಾದಷ್ಟೂ ಒಂದೇ ಅಂಚಿನಲ್ಲಿರಲಿ. ಒಂದೇ ಅಂಚಿನಲ್ಲಿದ್ದರೆ ಕೇಬಲ್ಲುಗಳ ನಡುವಿನ ಗ್ರೌಂಡ್ ವೋಲ್ಟೇಜ್ ಕಡಿಮೆಯಾಗುತ್ತದೆ.

ಹಂತ 4: ಪವರ್ ಸಪ್ಲೈಯನ್ನು ಶಾಂತಗೊಳಿಸಿ

ಡಿಕಪ್ಲಿಂಗ್ ಕೆಪಾಸಿಟರಿನ (ಚಿಪ್ಪಿನ ಪಕ್ಕದಲ್ಲೇ ಕೂತು ಅದರ ಸಪ್ಲೈಯನ್ನು ಸ್ಥಿರವಾಗಿಡುವ ಕೆಪಾಸಿಟರ್) ಮೌಲ್ಯಕ್ಕಿಂತ ಅದರ ದಾರಿಯ ಇಂಡಕ್ಟನ್ಸ್ ಮುಖ್ಯ. 100 ನ್ಯಾನೊಫ್ಯಾರಡ್‌ನ ಕೆಪಾಸಿಟರಿಗೆ ಜೋಡಣೆಯ ಇಂಡಕ್ಟನ್ಸ್ 1 ನ್ಯಾನೊಹೆನ್ರಿ ಸೇರಿದರೆ ಸುಮಾರು 16 ಮೆಗಾಹರ್ಟ್ಸ್‌ನಲ್ಲೇ ಅನುರಣನ ಬರುತ್ತದೆ, ಅದರಿಂದಾಚೆ ಅದು ಇಂಡಕ್ಟರಿನಂತೆ ವರ್ತಿಸುತ್ತದೆ. ಸಾಮಾನ್ಯ ಟ್ರೇಸಿನ ಪ್ರತಿ ಮಿಲಿಮೀಟರಿಗೆ ಸರಿಸುಮಾರು 1 ನ್ಯಾನೊಹೆನ್ರಿ ಎಂದು ನೆನಪಿಡಿ. ಕೆಪಾಸಿಟರಿನಿಂದ ಪ್ಲೇನಿಗೆ ಇಳಿಯುವ ವಯಾ ಪ್ಯಾಡಿಗೆ ಅಂಟಿಕೊಂಡಂತಿರಲಿ.

ಸ್ವಿಚಿಂಗ್ ರೆಗ್ಯುಲೇಟರಿನಲ್ಲಿ ಒಂದು ಲೂಪನ್ನು ಹುಡುಕಿ ಚಿಕ್ಕದು ಮಾಡಬೇಕು. ಬಕ್ ಕನ್ವರ್ಟರಿನಲ್ಲಿ (ವೋಲ್ಟೇಜ್ ಇಳಿಸುವ ರೆಗ್ಯುಲೇಟರ್) ಅದು ಇನ್‌ಪುಟ್ ಕೆಪಾಸಿಟರ್, ಮೇಲಿನ ಸ್ವಿಚ್, ಕೆಳಗಿನ ಸ್ವಿಚ್ ಅಥವಾ ಡಯೋಡ್, ಮತ್ತೆ ಕೆಪಾಸಿಟರ್ ಎಂಬ ಸುತ್ತು. ಕರೆಂಟ್ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಪೂರ್ತಿ ಶುರುವಾಗಿ ಪೂರ್ತಿ ನಿಲ್ಲುವುದು ಇಲ್ಲೇ. ಔಟ್‌ಪುಟ್ ಇಂಡಕ್ಟರಿನ ಕಡೆ ಎಲ್ಲರ ಕಣ್ಣು ಹೋಗುತ್ತದೆ, ಆದರೆ ಅಲ್ಲಿ ಕರೆಂಟ್ ನಿಧಾನವಾಗಿ ಏರಿಳಿಯುತ್ತದೆ. ಮೊದಲ ಗಮನ ಇನ್‌ಪುಟ್ ಕೆಪಾಸಿಟರಿಗೆ ಸಲ್ಲಬೇಕು. ಸ್ವಿಚ್ ನೋಡಿನ (ಎರಡು ಸ್ವಿಚ್‌ಗಳೂ ಇಂಡಕ್ಟರೂ ಕೂಡುವ ಜಾಗ) ತಾಮ್ರದ ವಿಸ್ತೀರ್ಣವನ್ನು ಬಿಸಿ ಹೊರಹಾಕಲು ಬೇಕಾದಷ್ಟಕ್ಕೇ ಮಿತಿಗೊಳಿಸಿ.

ಇಷ್ಟಾದರೂ ಸ್ವಿಚ್ ನೋಡಿನಲ್ಲಿ ರಿಂಗಿಂಗ್ (ಪ್ರತಿ ಸ್ವಿಚಿಂಗ್ ಆದ ಮೇಲೆ ಉಳಿಯುವ ವೋಲ್ಟೇಜಿನ ತೂಗಾಟ) ಉಳಿದರೆ ಅದನ್ನು ಅಡಗಿಸುವ ಸ್ನಬ್ಬರ್, ಅಂದರೆ ರೆಸಿಸ್ಟರ್-ಕೆಪಾಸಿಟರ್ ಜೋಡಿ, ಹಾಕಬೇಕು. ಅದರ ಮೌಲ್ಯಗಳನ್ನು ಊಹಿಸಬೇಡಿ, ಅಳೆದು ತೆಗೆಯಿರಿ. ಒಂದು ಉದಾಹರಣೆ: ಆಸಿಲೋಸ್ಕೋಪಿನಲ್ಲಿ 150 ಮೆಗಾಹರ್ಟ್ಸ್‌ನ ರಿಂಗಿಂಗ್ ಕಂಡಿದೆ. ಸ್ವಿಚ್ ನೋಡಿನಿಂದ ಗ್ರೌಂಡಿಗೆ ಚಿಕ್ಕ ಕೆಪಾಸಿಟರುಗಳನ್ನು ಒಂದೊಂದಾಗಿ ಹಚ್ಚಿ ನೋಡುತ್ತಾ ಹೋಗಿ, ರಿಂಗಿಂಗ್ ಅರ್ಧಕ್ಕೆ, ಅಂದರೆ 75 ಮೆಗಾಹರ್ಟ್ಸ್‌ಗೆ ಇಳಿಯುವವರೆಗೆ. 300 ಪಿಕೊಫ್ಯಾರಡ್‌ನಲ್ಲಿ ಹಾಗಾಯಿತು ಎನ್ನೋಣ. ಫ್ರೀಕ್ವೆನ್ಸಿ ಅರ್ಧವಾಗಬೇಕಾದರೆ ಒಟ್ಟು ಕೆಪಾಸಿಟನ್ಸ್ ನಾಲ್ಕು ಪಟ್ಟಾಗಿರಬೇಕು. ಆದ್ದರಿಂದ ಮೊದಲೇ ಇದ್ದ ಪರಾವಲಂಬಿ ಕೆಪಾಸಿಟನ್ಸ್ (ನಾವು ಹಾಕದಿದ್ದರೂ ಬಿಡಿಭಾಗ, ತಾಮ್ರಗಳಿಂದ ತಾನಾಗಿ ಬರುವಂಥದು) ಇದರ ಮೂರನೇ ಒಂದು, 100 ಪಿಕೊಫ್ಯಾರಡ್. ಇದರಿಂದ ಪರಾವಲಂಬಿ ಇಂಡಕ್ಟನ್ಸ್ ಸುಮಾರು 11 ನ್ಯಾನೊಹೆನ್ರಿ ಎಂದು ಬರುತ್ತದೆ. ಇಂಡಕ್ಟನ್ಸನ್ನು ಕೆಪಾಸಿಟನ್ಸಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಸ್ನಬ್ಬರ್ ರೆಸಿಸ್ಟರ್ ಸಿಗುತ್ತದೆ: ಸುಮಾರು 10 ಓಮ್. ಅದರೊಂದಿಗೆ ಸೀರೀಸ್‌ನಲ್ಲಿ ಪರಾವಲಂಬಿಯ ಮೂರು ನಾಲ್ಕು ಪಟ್ಟು, ಅಂದರೆ 330 ಪಿಕೊಫ್ಯಾರಡ್. ಇನ್‌ಪುಟ್ 12 ವೋಲ್ಟ್, ಸ್ವಿಚಿಂಗ್ 500 ಕಿಲೊಹರ್ಟ್ಸ್ ಆಗಿದ್ದರೆ ಇದರಲ್ಲಿ ವ್ಯಯವಾಗುವ ಶಕ್ತಿ ಸುಮಾರು 24 ಮಿಲಿವ್ಯಾಟ್. ಅಳತೆ ಮಾಡುವಾಗ ಸ್ಕೋಪ್ ಪ್ರೋಬಿನ ಉದ್ದನೆಯ ಗ್ರೌಂಡ್ ತಂತಿಯನ್ನು ತೆಗೆದು ತುದಿಯ ಸ್ಪ್ರಿಂಗ್ ಗ್ರೌಂಡ್ ಬಳಸಿ. ಉದ್ದ ತಂತಿಯಿದ್ದರೆ ತಂತಿಯ ರಿಂಗಿಂಗನ್ನೇ ಸರ್ಕ್ಯೂಟಿನದೆಂದು ಅಳೆಯುತ್ತೀರಿ.

ಹಂತ 5: ಕೇಬಲ್ಲುಗಳನ್ನು ಆಂಟೆನಾ ಎಂದೇ ಭಾವಿಸಿ

ಕೆಲವು ನೂರು ಮೆಗಾಹರ್ಟ್ಸ್‌ವರೆಗಿನ ಸಮಸ್ಯೆಗಳಲ್ಲಿ ಹೆಚ್ಚಿನವು ಕೇಬಲ್ಲಿನಿಂದಲೇ ಹೊಮ್ಮುತ್ತವೆ. ಬೋರ್ಡ್ ತಾನೇ ಒಳ್ಳೆಯ ಆಂಟೆನಾ ಆಗಲು ಚಿಕ್ಕದು, ಕೇಬಲ್ ಹಾಗಲ್ಲ. ಒಂದು ಮೀಟರ್ ಕೇಬಲ್ 75 ಮೆಗಾಹರ್ಟ್ಸ್‌ಗೆ ಕಾಲು ತರಂಗದೂರ.

ಡಿಫರೆನ್ಷಿಯಲ್ ಮೋಡ್ ಕರೆಂಟ್ ಒಂದು ತಂತಿಯಲ್ಲಿ ಹೋಗಿ ಪಕ್ಕದ ತಂತಿಯಲ್ಲಿ ಬರುತ್ತದೆ. ಎರಡರ ಕ್ಷೇತ್ರ ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತದೆ. ಕಾಮನ್ ಮೋಡ್ ಕರೆಂಟ್ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹರಿದು, ನೆಲದ ಮೂಲಕವೋ ಗಾಳಿಯಲ್ಲಿನ ಕೆಪಾಸಿಟನ್ಸಿನ ಮೂಲಕವೋ ಹಿಂದಿರುಗುತ್ತದೆ. ಅಳಿಸುವವರು ಯಾರೂ ಇಲ್ಲ. ಅದನ್ನು ತಡೆಯುವ ಸರಿಯಾದ ಜಾಗ ಕನೆಕ್ಟರಿನ ಬಳಿ, ಕೇಬಲ್ ಹೊರಡುವ ಮುನ್ನ: ಕಾಮನ್ ಮೋಡ್ ಚೋಕ್, ಜೊತೆಗೆ ಲೋಹದ ಕವಚಕ್ಕೆ ಇಳಿಯುವ ಚಿಕ್ಕ ಕೆಪಾಸಿಟರುಗಳು. ಫಿಲ್ಟರನ್ನು ಬೋರ್ಡಿನ ನಡುವೆ ಇಟ್ಟು, ಅಲ್ಲಿಂದ ಕನೆಕ್ಟರಿನವರೆಗೆ ಶುದ್ಧ ಮಾಡಿದ ಟ್ರೇಸನ್ನು ಗದ್ದಲದ ಚಿಪ್ಪಿನ ಪಕ್ಕದಲ್ಲಿ ಹಾಯಿಸಿದರೆ ಫಿಲ್ಟರ್ ಇದ್ದೂ ಇಲ್ಲದಂತೆ.

ಶೀಲ್ಡ್ ಇರುವ ಕೇಬಲ್ಲಿನಲ್ಲಿ ಶೀಲ್ಡ್ ಮುಗಿಯುವ ರೀತಿಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಶೀಲ್ಡನ್ನು ತಿರುಚಿ ಬಾಲದಂತೆ ಮಾಡಿ ಒಂದು ಪಿನ್ನಿಗೆ ಬೆಸೆಯುವುದು ಬಹಳ ಕಡೆ ಕಾಣುವ ಪದ್ಧತಿ. 2.5 ಸೆಂಟಿಮೀಟರಿನ ಅಂತಹ ಬಾಲ ಸುಮಾರು 25 ನ್ಯಾನೊಹೆನ್ರಿ; 100 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 16 ಓಮ್. ಶೀಲ್ಡಿನ ಕರೆಂಟ್ ಆ 16 ಓಮ್‌ನ ಮೇಲೆ ವೋಲ್ಟೇಜ್ ಹುಟ್ಟಿಸಿ ಶೀಲ್ಡನ್ನೇ ಆಂಟೆನಾ ಮಾಡುತ್ತದೆ. ಶೀಲ್ಡ್ ತನ್ನ ಸುತ್ತಲೂ, 360 ಡಿಗ್ರಿ, ಲೋಹದ ಕನೆಕ್ಟರ್ ಕವಚಕ್ಕೆ, ಆ ಕವಚ ಪೆಟ್ಟಿಗೆಗೆ ತಾಗಬೇಕು. ಒಂದೇ ತುದಿಗೆ ಜೋಡಿಸಬೇಕೋ ಎರಡೂ ತುದಿಗೋ ಎಂಬ ವಾದ ಆಗಾಗ ಏಳುತ್ತದೆ. 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಮಾತ್ರ ತೊಂದರೆಯಾಗಿರುವ ಸೂಕ್ಷ್ಮ ಅನಲಾಗ್ ಸಿಗ್ನಲ್ಲಿಗೆ ಒಂದು ತುದಿ ಸಾಕಾಗಬಹುದು. ರೇಡಿಯೊ ಫ್ರೀಕ್ವೆನ್ಸಿಗೆ ಎರಡೂ ತುದಿ ಬೇಕು.

ಕೇಬಲ್ಲಿಗೆ ತೊಡಿಸುವ ಕಾಂತೀಯ ಉಂಗುರ, ಅಂದರೆ ಫೆರೈಟ್ ಬಗ್ಗೆ ನಿರೀಕ್ಷೆ ಹದವಾಗಿರಲಿ. ಕೇಬಲ್ಲಿನ ಕಾಮನ್ ಮೋಡ್ ಇಂಪಿಡನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಸುಮಾರು 150 ಓಮ್ ಎಂದುಕೊಂಡರೆ, 150 ಓಮ್‌ನ ಫೆರೈಟ್ ಕರೆಂಟನ್ನು ಅರ್ಧಕ್ಕೆ ಇಳಿಸುತ್ತದೆ, ಅಂದರೆ 6 ಡಿಬಿ. ಮಿತಿಗಿಂತ 20 ಡಿಬಿ ಮೇಲಿದ್ದರೆ ಫೆರೈಟ್‌ಗಳ ಸಾಲು ಪೋಣಿಸುವ ಬದಲು ಹಂತ 3ಕ್ಕೆ ಹಿಂದಿರುಗಿ. ನಿಕಲ್-ಜಿಂಕ್ ಫೆರೈಟ್ ಹತ್ತಾರು ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, ಮ್ಯಾಂಗನೀಸ್-ಜಿಂಕ್ ಅದಕ್ಕಿಂತ ಕೆಳಗೆ ಕೆಲಸಕ್ಕೆ ಬರುತ್ತದೆ. ಎರಡು ಸುತ್ತು ಹಾಕಿದರೆ ಇಂಪಿಡನ್ಸ್ ಸುಮಾರು ನಾಲ್ಕು ಪಟ್ಟು, ಆದರೆ ಸುತ್ತುಗಳ ನಡುವಿನ ಕೆಪಾಸಿಟನ್ಸ್ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಆ ಲಾಭವನ್ನು ತಿಂದುಹಾಕುತ್ತದೆ. ಪವರ್ ಲೈನಿನಲ್ಲಿ ಬಳಸುವ ಚಿಕ್ಕ ಫೆರೈಟ್ ಬೀಡ್‌ಗಳು ಡಿಸಿ ಕರೆಂಟಿನಿಂದ ಸ್ಯಾಚುರೇಟ್ ಆಗುತ್ತವೆ. ಅವುಗಳ ಡೇಟಾಶೀಟಿನಲ್ಲಿ ಕರೆಂಟಿನೊಂದಿಗೆ ಇಂಪಿಡನ್ಸ್ ಕುಸಿಯುವ ಗ್ರಾಫನ್ನೇ ನೋಡಿ.

ಹಂತ 6: ಪೆಟ್ಟಿಗೆ

ಲೋಹದ ಪೆಟ್ಟಿಗೆಯ ದಪ್ಪ ರೇಡಿಯೊ ಫ್ರೀಕ್ವೆನ್ಸಿಯಲ್ಲಿ ಅಷ್ಟೇನೂ ಮುಖ್ಯವಲ್ಲ. 100 ಮೆಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕರೆಂಟ್ ಮೇಲ್ಮೈಯಿಂದ ಒಳಗಿಳಿಯುವ ಆಳ) 7 ಮೈಕ್ರಾನ್‌ಗಿಂತಲೂ ಕಡಿಮೆ. ತೆಳು ಹಾಳೆಯೂ ತಡೆಯುತ್ತದೆ. ಸೋರುವುದು ಸಂದುಗಳಲ್ಲಿ. ಸಂದಿನ ಅಗಲ ಎಷ್ಟೇ ಕಿರಿದಿದ್ದರೂ ಉದ್ದವೇ ಲೆಕ್ಕಕ್ಕೆ ಬರುವುದು: 15 ಸೆಂಟಿಮೀಟರ್ ಉದ್ದದ ಸಂದು 1 ಗಿಗಾಹರ್ಟ್ಸ್‌ಗೆ ಅರ್ಧ ತರಂಗದೂರ, ಪಕ್ಕಾ ಆಂಟೆನಾ. ಅದೇ ಫ್ರೀಕ್ವೆನ್ಸಿಗೆ ಸಂದುಗಳನ್ನು ತರಂಗದೂರದ ಇಪ್ಪತ್ತನೇ ಒಂದು, ಅಂದರೆ 1.5 ಸೆಂಟಿಮೀಟರ್ ಒಳಗೆ ಇಟ್ಟರೆ ಸುಮಾರು 20 ಡಿಬಿ ತಡೆ ಸಿಗುತ್ತದೆ. ಗಾಳಿಗೆಂದು ಒಂದು ಉದ್ದ ಕಿಂಡಿ ಬಿಡುವ ಬದಲು ಹಲವು ದುಂಡು ರಂಧ್ರ ಕೊಡಿ. ಸ್ಕ್ರೂಗಳ ನಡುವಿನ ಅಂತರ ಕಡಿಮೆ ಮಾಡಿ, ಇಲ್ಲವೇ ವಾಹಕ ಗ್ಯಾಸ್ಕೆಟ್ ಬಳಸಿ. ಲೋಹ ಲೋಹಕ್ಕೆ ತಾಗುವ ಜಾಗದಲ್ಲಿ ಬಣ್ಣ, ಆನೊಡೈಸ್ ಪದರ ಇರಕೂಡದು. ಇನ್ನು, ಚೆನ್ನಾಗಿ ಮುಚ್ಚಿದ ಪೆಟ್ಟಿಗೆಯೊಳಗಿಂದ ಫಿಲ್ಟರ್ ಇಲ್ಲದ ಒಂದೇ ಒಂದು ತಂತಿ ಹೊರಬಂದರೂ ಪೆಟ್ಟಿಗೆಯ ಶ್ರಮವೆಲ್ಲ ನೀರಿನಲ್ಲಿ ಹೋಮ.

ಹಂತ 7: ಮೇನ್ಸ್ ಫಿಲ್ಟರ್

ತಂತಿಯ ಪರೀಕ್ಷೆಯಲ್ಲಿ ಲಿಸ್ನ್ ಎಂಬ ಜಾಲ ಸಾಧನಕ್ಕೂ ಮೇನ್ಸ್‌ಗೂ ನಡುವೆ ನಿಂತು, ಅಳತೆಗೆ 50 ಓಮ್‌ನ ಸ್ಥಿರ ಇಂಪಿಡನ್ಸ್ ಒದಗಿಸುತ್ತದೆ. ಫೇಲ್ ಆದಾಗ ಗದ್ದಲ ಕಾಮನ್ ಮೋಡೋ ಡಿಫರೆನ್ಷಿಯಲ್ ಮೋಡೋ ಎಂದು ಮೊದಲು ಬೇರ್ಪಡಿಸಿ. ಕ್ಲಾಂಪ್ ಮಾಡುವ ಕರೆಂಟ್ ಪ್ರೋಬಿನೊಳಗೆ ಲೈನ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ದಿಕ್ಕಿಗೆ ಹಾಯಿಸಿದರೆ ಕಾಣುವುದು ಕಾಮನ್ ಮೋಡ್. ಒಂದನ್ನು ತಿರುಗಿಸಿ ಹಾಯಿಸಿದರೆ ಡಿಫರೆನ್ಷಿಯಲ್. ಮೊದಲನೆಯದಕ್ಕೆ ಕಾಮನ್ ಮೋಡ್ ಚೋಕ್ ಮತ್ತು ವೈ ಕೆಪಾಸಿಟರ್. ಎರಡನೆಯದಕ್ಕೆ ಲೈನ್ ಮತ್ತು ನ್ಯೂಟ್ರಲ್ ನಡುವೆ ಹಾಕುವ ಎಕ್ಸ್ ಕೆಪಾಸಿಟರ್ ಮತ್ತು ಡಿಫರೆನ್ಷಿಯಲ್ ಇಂಡಕ್ಟರ್.

ವೈ ಕೆಪಾಸಿಟರ್ ಲೈನಿನಿಂದ ಅರ್ಥ್‌ಗೆ ಹೋಗುತ್ತದೆ, ಆದ್ದರಿಂದ ಇದು ಜೀವರಕ್ಷಣೆಯ ವಿಷಯ. 230 ವೋಲ್ಟ್, 50 ಹರ್ಟ್ಸ್‌ನಲ್ಲಿ 4.7 ನ್ಯಾನೊಫ್ಯಾರಡ್‌ನ ಒಂದು ವೈ ಕೆಪಾಸಿಟರಿನಲ್ಲಿ ಸುಮಾರು 0.34 ಮಿಲಿಆಂಪಿಯರ್ ಸೋರುತ್ತದೆ. ಸೋರಿಕೆಯ ಮಿತಿ ಸಾಧನದ ಬಗೆಯ ಮೇಲೆ ನಿಂತಿದೆ, ವೈದ್ಯಕೀಯ ಉಪಕರಣಗಳಿಗೆ ತುಂಬ ಬಿಗಿ. ಸುರಕ್ಷತಾ ಮಾನ್ಯತೆ ಇಲ್ಲದ ಸಾದಾ ಕೆಪಾಸಿಟರನ್ನು ಈ ಜಾಗದಲ್ಲಿ ಪ್ರಯೋಗಕ್ಕೂ ಹಾಕಬೇಡಿ.

ಫಿಲ್ಟರನ್ನು ಕೇಬಲ್ ಪೆಟ್ಟಿಗೆಯೊಳಗೆ ಬರುವ ಜಾಗದಲ್ಲೇ, ಅದರ ಲೋಹದ ಮೈ ನೇರವಾಗಿ ಪೆಟ್ಟಿಗೆಗೆ ತಾಗುವಂತೆ ಕೂರಿಸಿ. ಫಿಲ್ಟರಿಗೆ ಬರುವ ತಂತಿ, ಹೋಗುವ ತಂತಿ ಎರಡನ್ನೂ ಒಟ್ಟಿಗೆ ಕಟ್ಟಿದರೆ ಗದ್ದಲ ಫಿಲ್ಟರನ್ನು ದಾಟಿ ಹಾರುತ್ತದೆ.

ಹಂತ 8: ಲ್ಯಾಬಿಗೆ ಹೋಗುವ ಮುನ್ನ ನೀವೇ ಅಳೆಯಿರಿ

ದುಬಾರಿ ಕೊಠಡಿ ಬೇಕಿಲ್ಲ. ಸಾಧಾರಣ ಸ್ಪೆಕ್ಟ್ರಮ್ ಅನಲೈಜರ್, ಬೋರ್ಡಿನ ಹತ್ತಿರ ಹಿಡಿದು ಕ್ಷೇತ್ರ ಅಳೆಯುವ ನಿಯರ್ ಫೀಲ್ಡ್ ಪ್ರೋಬ್, ಒಂದು ಆರ್‌ಎಫ್ ಕರೆಂಟ್ ಪ್ರೋಬ್ ಸಾಕು. ಇವುಗಳಲ್ಲಿ ಒಂದನ್ನೇ ಕೊಳ್ಳಬಹುದು ಎಂದಾದರೆ ನನ್ನ ಆಯ್ಕೆ ಕರೆಂಟ್ ಪ್ರೋಬ್. ನಿಯರ್ ಫೀಲ್ಡ್ ಪ್ರೋಬ್ ಗದ್ದಲ ಎಲ್ಲಿ ಹುಟ್ಟುತ್ತಿದೆ ಎಂದು ತೋರಿಸುತ್ತದೆ, ಆದರೆ ಬೋರ್ಡಿನ ಮೇಲೆ ಜೋರಾಗಿ ಕಾಣುವುದೆಲ್ಲ ದೂರಕ್ಕೆ ಹೊಮ್ಮಬೇಕೆಂದಿಲ್ಲ. ಕೇಬಲ್ಲಿನ ಕಾಮನ್ ಮೋಡ್ ಕರೆಂಟ್ ಮಾತ್ರ ಲ್ಯಾಬಿನ ಫಲಿತಾಂಶದ ಜೊತೆ ನೇರ ನಂಟು ಇಟ್ಟುಕೊಂಡಿದೆ.

ಪ್ರೋಬನ್ನು ಇಡೀ ಕೇಬಲ್ಲಿನ ಸುತ್ತ ಹಾಕಿ, ಕೇಬಲ್ಲಿನ ಉದ್ದಕ್ಕೂ ಹಿಂದೆ ಮುಂದೆ ಸರಿಸಿ, ಗರಿಷ್ಠ ಓದನ್ನು ಹಿಡಿದಿಡಿ. 5 ಮೈಕ್ರೊಆಂಪಿಯರ್ ಎಂದರೆ 14 ಡಿಬಿ ಮೈಕ್ರೊಆಂಪಿಯರ್. ಪ್ರೋಬಿನ ಟ್ರಾನ್ಸ್‌ಫರ್ ಇಂಪಿಡನ್ಸ್ (ಪ್ರತಿ ಆಂಪಿಯರಿಗೆ ಅದು ಕೊಡುವ ವೋಲ್ಟೇಜ್) 5 ಓಮ್, ಅಂದರೆ 14 ಡಿಬಿ ಓಮ್ ಆಗಿದ್ದರೆ, ಅನಲೈಜರಿನಲ್ಲಿ 28 ಡಿಬಿ ಮೈಕ್ರೊವೋಲ್ಟ್ ಗೆರೆ ಎಳೆಯಿರಿ. ಅದರ ಮೇಲೆ ಏಳುವುದೆಲ್ಲ ಸಂಶಯಾಸ್ಪದ. ಮೊದಲು ಸಾಧನವನ್ನು ಆಫ್ ಮಾಡಿ ಒಮ್ಮೆ ಅಳೆದಿಡಿ, ಇಲ್ಲದಿದ್ದರೆ 88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ಕೇಂದ್ರಗಳ ಹಿಂದೆ ಬಿದ್ದು ದಿನ ಹಾಳಾಗುತ್ತದೆ.

ಶಿಖರಗಳ ಅಂತರ ಮೂಲದ ಗುರುತು ಹೇಳುತ್ತದೆ. 125, 175, 225 ಮೆಗಾಹರ್ಟ್ಸ್‌ನಲ್ಲಿ ಶಿಖರಗಳಿವೆ ಎನ್ನೋಣ. ಅಂತರ 50, ಹಾಗಾದರೆ 50 ಮೆಗಾಹರ್ಟ್ಸ್ ಕ್ಲಾಕೇ? ಅಲ್ಲ, ಆ ಮೂರೂ 50ರ ಗುಣಕಗಳಲ್ಲ. 25ರ 5ನೇ, 7ನೇ, 9ನೇ ಹಾರ್ಮೋನಿಕ್‌ಗಳು ಅವು. ಸಮ ಚೌಕಾಕಾರದ ಕ್ಲಾಕಿನಲ್ಲಿ ಬೆಸ ಹಾರ್ಮೋನಿಕ್‌ಗಳೇ ಬಲವಾಗಿರುವುದರಿಂದ ಹುಡುಕಬೇಕಾದ್ದು 25 ಮೆಗಾಹರ್ಟ್ಸ್ ಮೂಲವನ್ನು, ಈಥರ್ನೆಟ್ ಚಿಪ್ಪಿನ ಕ್ರಿಸ್ಟಲ್ ಇದ್ದರೆ ಮೊದಲು ಅದನ್ನೇ. ಚೂಪು ಶಿಖರದ ಬದಲು ಅಗಲವಾದ ದಿಬ್ಬ ಕಂಡರೆ ಸ್ವಿಚಿಂಗ್ ರೆಗ್ಯುಲೇಟರಿನ ರಿಂಗಿಂಗ್ ನೋಡಿ.

ಆಮೇಲೆ ಒಂದೊಂದಾಗಿ ಕೇಬಲ್ ಕಿತ್ತು ನೋಡಿ. ಒಂದು ಕೇಬಲ್ ತೆಗೆದಾಗ ಶಿಖರ ಇಳಿದರೆ ಹೊಮ್ಮುತ್ತಿದ್ದುದು ಅದರಿಂದ. ಇಲ್ಲೊಂದು ಬಲೆಯಿದೆ: ಎರಡು ಕೇಬಲ್ಲುಗಳು ಸಮನಾಗಿ ಹೊಮ್ಮಿಸುತ್ತಿದ್ದರೆ ಒಂದನ್ನು ಸರಿಪಡಿಸಿದಾಗ ಹೆಚ್ಚೇನೂ ಬದಲಾವಣೆ ಕಾಣುವುದಿಲ್ಲ. ಆ ಪರಿಹಾರ ವ್ಯರ್ಥವೆಂದು ಕಿತ್ತೆಸೆಯಬೇಡಿ. ಹಚ್ಚಿದ್ದನ್ನು ಹಾಗೇ ಬಿಟ್ಟು ಮುಂದಿನದನ್ನು ಹಚ್ಚಿ, ಮಿತಿಯೊಳಗೆ ಬಂದ ಮೇಲೆ ಒಂದೊಂದಾಗಿ ತೆಗೆಯುತ್ತಾ ಯಾವುದು ನಿಜಕ್ಕೂ ಬೇಕಿತ್ತೆಂದು ಕಂಡುಕೊಳ್ಳಿ.

ಹಂತ 9: ಹೊರಗಿನ ಹೊಡೆತ ತಡೆದುಕೊಳ್ಳುವಂತೆ ಮಾಡಿ

ಸ್ಥಾಯೀವಿದ್ಯುತ್ತಿನ ಪರೀಕ್ಷೆಯಲ್ಲಿ 8 ಕಿಲೊವೋಲ್ಟ್‌ನ ನೇರ ಸ್ಪರ್ಶದ ಕಿಡಿ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ 30 ಆಂಪಿಯರಿಗೆ ಏರುತ್ತದೆ. ಆ 30 ಆಂಪಿಯರ್ ಎಲ್ಲಿಂದ ಹಾದು ಹಿಂದಿರುಗಬೇಕು ಎಂದು ನೀವು ನಿರ್ಧರಿಸದಿದ್ದರೆ ಅದೇ ನಿರ್ಧರಿಸುತ್ತದೆ. ಹೆಚ್ಚಿನ ವೋಲ್ಟೇಜನ್ನು ತಕ್ಷಣ ಗ್ರೌಂಡಿಗೆ ಇಳಿಸುವ ಟಿವಿಎಸ್ ಡಯೋಡ್ ಕನೆಕ್ಟರಿನ ಪಕ್ಕದಲ್ಲಿರಲಿ, ಟ್ರೇಸ್ ಡಯೋಡಿನ ಪ್ಯಾಡನ್ನು ಹಾದೇ ಚಿಪ್ಪಿಗೆ ಹೋಗಲಿ, ಡಯೋಡಿನ ಗ್ರೌಂಡ್ ಕಡೆಯ ದಾರಿ ಅತಿ ಚಿಕ್ಕದಾಗಿರಲಿ.

ವಿದ್ಯುತ್ ಸ್ವಿಚ್‌ಗಳ ಕಿಡಿಯನ್ನು ಅನುಕರಿಸುವ ಬರ್ಸ್ಟ್ ಪರೀಕ್ಷೆಯ ನಾಡಿಗಳು (ಪಲ್ಸ್‌ಗಳು) 5 ನ್ಯಾನೊಸೆಕೆಂಡಿನಲ್ಲಿ ಏರಿ 50 ನ್ಯಾನೊಸೆಕೆಂಡ್ ಇರುತ್ತವೆ, ಗುಂಪು ಗುಂಪಾಗಿ ಬರುತ್ತವೆ. ಮಿಂಚನ್ನು ಅನುಕರಿಸುವ ಸರ್ಜ್ ನಿಧಾನ, ಆದರೆ ಶಕ್ತಿ ಬಹಳ. ಅದಕ್ಕೆ ವೋಲ್ಟೇಜ್ ಮಿತಿ ಮೀರಿದಾಗ ಕರೆಂಟಿಗೆ ದಾರಿ ಬಿಡುವ ವ್ಯಾರಿಸ್ಟರ್ ಬೇಕು.

ರೇಡಿಯೊ ಅಲೆಯ ಪರೀಕ್ಷೆಯಲ್ಲಿ 1 ಕಿಲೊಹರ್ಟ್ಸ್‌ನಿಂದ ಶೇಕಡಾ 80 ಮಾಡ್ಯುಲೇಟ್ ಮಾಡಿದ ಸಿಗ್ನಲ್ ಬಳಸುತ್ತಾರೆ. ಆಪ್‌ಆಂಪಿನ (ಸಿಗ್ನಲ್ ಹಿಗ್ಗಿಸುವ ಚಿಪ್) ಇನ್‌ಪುಟ್ಟಿನಲ್ಲಿರುವ ಜಂಕ್ಷನ್‌ಗಳು ಈ ಅಲೆಯನ್ನು ಡಿಟೆಕ್ಟರಿನಂತೆ ಹಿಡಿದು 1 ಕಿಲೊಹರ್ಟ್ಸನ್ನು ಹೊರತೆಗೆಯುತ್ತವೆ. ಸೆನ್ಸರಿನ ಓದು ಸುಮ್ಮನೆ ಜಾರಿದರೆ, ಆಡಿಯೊದಲ್ಲಿ ಸಿಳ್ಳೆ ಕೇಳಿದರೆ ಕಾರಣ ಇದು. ನೂರಾರು ಮೆಗಾಹರ್ಟ್ಸ್‌ನ ಅಲೆ ಆಪ್‌ಆಂಪಿನ ಬ್ಯಾಂಡ್‌ವಿಡ್ತ್ ಮೀರಿದ್ದು, ಹಾಗಾಗಿ ತೊಂದರೆಯಿಲ್ಲ ಎಂಬ ನಂಬಿಕೆ ಸುಳ್ಳು. ಇನ್‌ಪುಟ್ ಪಿನ್ನಿನ ಬುಡದಲ್ಲೇ ಚಿಕ್ಕ ರೆಸಿಸ್ಟರ್-ಕೆಪಾಸಿಟರ್ ಫಿಲ್ಟರ್ ಹಾಕಿ.

ಫರ್ಮ್‌ವೇರ್ ಕೂಡ ಕೈಜೋಡಿಸಬೇಕು: ಪ್ರೋಗ್ರಾಂ ಸಿಕ್ಕಿಬಿದ್ದರೆ ರೀಸೆಟ್ ಮಾಡುವ ವಾಚ್‌ಡಾಗ್, ಸಂದೇಶಗಳಿಗೆ ತಪ್ಪು ಪತ್ತೆಹಚ್ಚುವ ಸಿಆರ್‌ಸಿ, ಅನಲಾಗ್ ಓದುಗಳಿಗೆ ಮೀಡಿಯನ್ ಫಿಲ್ಟರ್, ರೀಸೆಟ್ ಪಿನ್ನಿಗೆ ಹತ್ತಿರದ ಕೆಪಾಸಿಟರ್.

ಹಂತ 10: ಸ್ಥಾಪಿಸಿದ ಜಾಗದಲ್ಲಿ ಅಡಚಣೆ ಎದುರಾದರೆ

ಎಲ್ಲ ಸಾಧನಗಳೂ ಪ್ರತ್ಯೇಕವಾಗಿ ಪಾಸಾಗಿದ್ದರೂ ಒಟ್ಟಿಗೆ ಕೂಡಿಸಿದಾಗ ಜಗಳ ಹುಟ್ಟಬಹುದು. ಮೊದಲು ಸಮಯ ಗುರುತಿಸಿ: ಯಾವ ಯಂತ್ರ ಓಡುವಾಗ, ಯಾವ ಹೊತ್ತಿನಲ್ಲಿ ಅಡಚಣೆ ಕಾಣುತ್ತದೆ? ಸುರಕ್ಷಿತವಾಗಿ ಒಂದೊಂದು ಸರ್ಕ್ಯೂಟ್ ಆಫ್ ಮಾಡುತ್ತಾ ಬನ್ನಿ. ಒಂದು ಚಿಕ್ಕ ಎಎಂ ರೇಡಿಯೊವನ್ನು ಕೇಂದ್ರವಿಲ್ಲದ ಜಾಗಕ್ಕೆ ಟ್ಯೂನ್ ಮಾಡಿ ಕೈಯಲ್ಲಿ ಹಿಡಿದು ನಡೆದರೆ, ಗದ್ದಲ ಜೋರಾಗುವ ದಿಕ್ಕು ಗೊತ್ತಾಗುತ್ತದೆ. ಅದರೊಳಗಿನ ಫೆರೈಟ್ ಕೋಲಿಗೆ ದಿಕ್ಕಿನ ಅರಿವಿದೆ.

ಮೋಟರಿನ ವೇಗ ಬದಲಿಸುವ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಇದ್ದರೆ ಸಂಶಯ ಮೊದಲು ಅದರ ಮೇಲೆ. ಅದರ ಔಟ್‌ಪುಟ್ಟಿನ ಚುರುಕು ನಾಡಿಗಳು ಮೋಟರಿನ ಸುರುಳಿಯಿಂದ ಅದರ ಮೈಗೆ ಇರುವ ಕೆಪಾಸಿಟನ್ಸಿನ ಮೂಲಕ ಅರ್ಥ್‌ಗೆ ಇಳಿದು, ಡ್ರೈವ್‌ಗೆ ಹಿಂದಿರುಗಲು ದಾರಿ ಹುಡುಕುತ್ತವೆ. ಮೋಟರ್ ಕೇಬಲ್ ಶೀಲ್ಡ್ ಆಗಿದ್ದು ಎರಡೂ ತುದಿಯಲ್ಲಿ 360 ಡಿಗ್ರಿ ಜೋಡಣೆಯಾಗಿದ್ದರೆ ಆ ದಾರಿ ಶೀಲ್ಡಿನಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಕಟ್ಟಡದ ಕಂಬಿ, ಪೈಪು, ಪಕ್ಕದ ಸಿಗ್ನಲ್ ಕೇಬಲ್ಲುಗಳೇ ದಾರಿಯಾಗುತ್ತವೆ. ಸಿಗ್ನಲ್ ಕೇಬಲ್ಲುಗಳನ್ನು ಪವರ್ ಕೇಬಲ್ಲುಗಳಿಂದ ದೂರವಿಡಿ, ದಾಟಲೇಬೇಕಾದರೆ 90 ಡಿಗ್ರಿಯಲ್ಲಿ ದಾಟಿಸಿ.

ಹಂತ 11: ಪರೀಕ್ಷೆಯ ದಿನ ಮತ್ತು ಅದರ ನಂತರ

ಲ್ಯಾಬಿಗೆ ಎರಡು ಸಾಧನ ಒಯ್ಯಿರಿ. ಒಂದು ಬದಲಾಯಿಸದೆ ಉಳಿಯಲಿ, ಇನ್ನೊಂದರ ಮೇಲೆ ಪ್ರಯೋಗ ಮಾಡಿ. ತಾಮ್ರದ ಟೇಪು, ವಿವಿಧ ಫೆರೈಟ್, ಕೆಪಾಸಿಟರ್, ರೆಸಿಸ್ಟರ್, ಬೆಸುಗೆ ಉಪಕರಣ, ನಿಮ್ಮ ನಿಯರ್ ಫೀಲ್ಡ್ ಪ್ರೋಬ್ ಜೊತೆಗಿರಲಿ. ಒಂದೊಂದು ಬ್ಲಾಕನ್ನು ಬೇರೆ ಬೇರೆಯಾಗಿ ಆಫ್ ಮಾಡಬಲ್ಲ ವಿಶೇಷ ಫರ್ಮ್‌ವೇರ್ ಕೂಡ ತಯಾರಿರಲಿ. ಯಾವ ಬ್ಲಾಕ್ ತಪ್ಪಿತಸ್ಥ ಎಂದು ನಿಮಿಷಗಳಲ್ಲಿ ಹೇಳಬಲ್ಲದ್ದು ಅದೇ. ಪರೀಕ್ಷೆಗಿಟ್ಟ ಜೋಡಣೆಯ ಫೋಟೊ ತೆಗೆದಿಡಿ: ಕೇಬಲ್ ಹತ್ತಿಪ್ಪತ್ತು ಸೆಂಟಿಮೀಟರ್ ಸರಿದರೂ ಅಂಕಿಗಳು ಬದಲಾಗುತ್ತವೆ. ಮಿತಿಗಿಂತ ಕನಿಷ್ಠ 6 ಡಿಬಿ ಕೆಳಗಿರುವ ಗುರಿ ಇಟ್ಟುಕೊಳ್ಳಿ, ಒಂದು ಸಾಧನಕ್ಕೂ ಇನ್ನೊಂದಕ್ಕೂ, ಒಂದು ಲ್ಯಾಬಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಅಡಗುತ್ತದೆ.

ಪಾಸಾದ ಮೇಲೆ ಬಿಡಿಭಾಗಗಳ ಪಟ್ಟಿಯಲ್ಲಿ ಇಎಂಸಿಗೆ ಸಂಬಂಧಪಟ್ಟವುಗಳಿಗೆ ಗುರುತು ಹಾಕಿ, ಖರೀದಿ ವಿಭಾಗಕ್ಕೂ ಅದರ ಪ್ರತಿ ಕೊಡಿ. ಅದೇ ನಂಬರಿನ ಚಿಪ್ ಹೊಸ, ಸಣ್ಣ ಪ್ರೊಸೆಸ್ಸಿನಲ್ಲಿ ತಯಾರಾಗಿ ಬಂದರೆ ಅದರ ಕೆಲಸ ಅದೇ, ಸಿಗ್ನಲ್ ಏರುವ ವೇಗ ಮಾತ್ರ ಹೆಚ್ಚಿರಬಹುದು. 5 ನ್ಯಾನೊಸೆಕೆಂಡ್ ಇದ್ದದ್ದು 1 ಆದರೆ ಗದ್ದಲ ನೂರಾರು ಮೆಗಾಹರ್ಟ್ಸ್‌ವರೆಗೆ ಚಾಚುತ್ತದೆ. ಫೆರೈಟ್, ಚೋಕ್, ಗ್ಯಾಸ್ಕೆಟ್, ಕನೆಕ್ಟರ್, ಪವರ್ ಅಡಾಪ್ಟರ್ ಇವುಗಳಲ್ಲಿ ಯಾವುದನ್ನು ಬದಲಾಯಿಸಿದರೂ ಕರೆಂಟ್ ಪ್ರೋಬನ್ನು ಮತ್ತೊಮ್ಮೆ ಕೇಬಲ್ಲಿನ ಸುತ್ತ ಹಾಕಿ ಹಳೆಯ ಗ್ರಾಫಿನ ಜೊತೆ ಹೋಲಿಸಿ ನೋಡಿ.